ಇಮೇಜ್ ಹಾಕಿದ ಮೇಲೂ ಹಳದಿ ಗುರುತು ಯಾಕೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ಲ್ಯಾಬು ಅಥವಾ ಆಫೀಸಿನ ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಸಲ ವಿಂಡೋಸ್ ಇಮೇಜ್ (ಸಿದ್ಧ ಮಾಡಿಟ್ಟ ವಿಂಡೋಸ್ ಪ್ರತಿ) ಹಾಕಿದಾಗ ಡ್ರೈವರ್‌ಗಳು (ಒಂದೊಂದು ಭಾಗವನ್ನು ನಡೆಸುವ ಪ್ರೋಗ್ರಾಂ) ತಾವಾಗೇ ಕೂರುತ್ತಿಲ್ಲ, ಡಿವೈಸ್ ಮ್ಯಾನೇಜರಿನಲ್ಲಿ ಆ ಭಾಗದ ಮೇಲೆ ಹಳದಿ ಗುರುತು ಉಳಿಯುತ್ತದೆ ಎಂಬುದು. ಹಾಸನದಲ್ಲಿ ಕಂಪ್ಯೂಟರ್ ರಿಪೇರಿ, ಲ್ಯಾಬ್ ಸೆಟಪ್ ಕೆಲಸ ಮಾಡುತ್ತಾ ಬಂದಿರುವ ನನಗೆ ಇದು ವಾರಕ್ಕೊಮ್ಮೆ ಎದುರಾಗುವ ತೊಂದರೆ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಇದಕ್ಕೇ ಮೀಸಲು. ಕಂಪ್ಯೂಟರಿನಲ್ಲಿ ಟೈಪ್ ಮಾಡಬೇಕಾದ ಪದಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಯಂತ್ರದ ಮುಂದೆ ಕೂತಾಗ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಿ.

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದ ಒಂದು ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ಮೂರು ಲ್ಯಾಬ್ ಸೇರಿ 72 ಕಂಪ್ಯೂಟರ್ ಇವೆ. ಬೇರೆ ಬೇರೆ ವರ್ಷ ಟೆಂಡರಿನಲ್ಲಿ ಬಂದವು, ಮೂರು ಮಾಡೆಲ್. ಅವುಗಳಲ್ಲಿ 12 ಮಾತ್ರ ಅಸೆಂಬಲ್ ಮಾಡಿಸಿದವು. ಎಂಡಿಟಿ (ಹಲವು ಕಂಪ್ಯೂಟರಿಗೆ ವಿಂಡೋಸ್ ಹಾಕುವ ಮೈಕ್ರೋಸಾಫ್ಟ್ ಸಾಧನ) ಇಟ್ಟುಕೊಂಡು ವಿಂಡೋಸ್ 11 ಹಾಕುತ್ತಿದ್ದೇನೆ. ಎಲ್ಲ ಮಾಡೆಲಿನ ಡ್ರೈವರ್‌ಗಳನ್ನೂ ಡೌನ್‌ಲೋಡ್ ಮಾಡಿ ಅದರ ಔಟ್-ಆಫ್-ಬಾಕ್ಸ್ ಡ್ರೈವರ್ಸ್ ಫೋಲ್ಡರ್ ಒಳಗೆ ಹಾಕಿದ್ದೇನೆ. ಆದರೂ ಕೆಲವಕ್ಕೆ ಸೌಂಡ್ ಇಲ್ಲ, ಕೆಲವಕ್ಕೆ ನೆಟ್‌ವರ್ಕ್ ಇಲ್ಲ. ಒಂದೇ ಮಾಡೆಲಿನ ಎರಡು ಕಂಪ್ಯೂಟರ್‌ಗಳಲ್ಲೂ ಬೇರೆ ಬೇರೆ ತರ ಆಗುತ್ತದೆ. ಒಂದೊಂದಕ್ಕೂ ಪೆನ್ ಡ್ರೈವ್ ಹಿಡಿದು ಓಡಾಡಿ ಸಾಕಾಗಿದೆ. ದೀಪಾವಳಿ ರಜೆಯಲ್ಲಿ ಮುಗಿಸಬೇಕು. ದಾರಿ ಹೇಳಿ.

ಉತ್ತರ: ನಿಮ್ಮ ಡ್ರೈವರ್ ಫೈಲ್‌ಗಳು ಬಹುಶಃ ಸರಿಯಾಗೇ ಇವೆ. ಎಲ್ಲವನ್ನೂ ಒಂದೇ ಕಡೆ ಸುರಿದಿದ್ದೀರಲ್ಲ, ತೊಂದರೆ ಇರುವುದು ಅಲ್ಲಿ. ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅರೇಬಿಕಾ, ರೋಬಸ್ಟಾ ಎರಡನ್ನೂ ಒಂದೇ ರಾಶಿ ಮಾಡಿ ಆಮೇಲೆ ಆರಿಸುತ್ತಾ ಕೂರುವುದಿಲ್ಲ, ಅಲ್ವಾ? ಮೂಟೆ ಬಂದಾಗಲೇ ಬೇರೆ ಮಾಡುತ್ತಾರೆ. ಇಲ್ಲೂ ಅಷ್ಟೇ.

ಒಳಗೆ ಏನಾಗುತ್ತದೆ ಅನ್ನೋದು ಗೊತ್ತಾದರೆ ಮುಂದಿನ ದಾರಿ ಸುಲಭ. ಇಮೇಜ್ ಹಾಕಲು ಮೊದಲು ಏಳುವುದು ವಿನ್‌ಪಿಇ ಎಂಬ ಚಿಕ್ಕ ವಿಂಡೋಸ್. ಅದರೊಳಗೆ ಎಂಡಿಟಿ ಕಂಪ್ಯೂಟರಿನ ಒಂದೊಂದು ಭಾಗಕ್ಕೂ 'ನಿನ್ನ ಐಡಿ ಏನು' ಅಂತ ಕೇಳುತ್ತದೆ. ಆ ಐಡಿಗೆ ಹೊಂದುವ ಡ್ರೈವರ್ ನಿಮ್ಮ ರಾಶಿಯಲ್ಲಿ ಎಲ್ಲೆಲ್ಲಿ ಸಿಕ್ಕರೂ ಸಿ ಡ್ರೈವಿನ ಡ್ರೈವರ್ಸ್ ಫೋಲ್ಡರಿಗೆ ಎಳೆದುಕೊಂಡು ಬರುತ್ತದೆ. ವಿಂಡೋಸ್ ಪೂರ್ತಿ ಏಳುವ ಮೊದಲೇ ಅವನ್ನು ಒಳಗೆ ಸೇರಿಸುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಎರಡು ಕಡೆ ಜಾರುತ್ತದೆ. ಒಂದು, ವಿನ್‌ಪಿಇ ಕಣ್ಣಿಗೆ ಕಾಣದ ಭಾಗಗಳು ಇರುತ್ತವೆ. ಚಿಪ್‌ಸೆಟ್ (ಮದರ್‌ಬೋರ್ಡಿನ ಭಾಗಗಳನ್ನು ಜೋಡಿಸುವ ಚಿಪ್) ಡ್ರೈವರ್ ಕೂತ ಮೇಲಷ್ಟೇ ತಲೆ ಎತ್ತುವ ಭಾಗಗಳಿಗೆ ಆ ಹೊತ್ತಿನಲ್ಲಿ ಐಡಿ ಕೇಳುವವರೇ ಇರುವುದಿಲ್ಲ, ಹಾಗಾಗಿ ಅವುಗಳ ಡ್ರೈವರ್ ಬರುವುದೂ ಇಲ್ಲ. ಇನ್ನೊಂದು, ಒಂದೇ ಐಡಿಗೆ ಎರಡು ಮೂರು ಮಾಡೆಲಿನ ಡ್ರೈವರ್ ಸಿಕ್ಕಿಬಿಡುತ್ತವೆ. ಆಗ ವಿಂಡೋಸ್ ಮೊದಲು ಡ್ರೈವರಿನ ಡಿಜಿಟಲ್ ಸಹಿ ನೋಡುತ್ತದೆ, ಐಡಿ ಎಷ್ಟು ಕರಾರುವಾಕ್ಕಾಗಿ ಹೊಂದುತ್ತದೆ ನೋಡುತ್ತದೆ, ಅದರಲ್ಲೂ ಎರಡು ಸಮ ಬಂದರೆ ಹೊಸ ತಾರೀಖಿನದನ್ನು, ಅದೂ ಸಮವಾದರೆ ದೊಡ್ಡ ವರ್ಷನ್ನಿನದನ್ನು ಎತ್ತಿಕೊಳ್ಳುತ್ತದೆ. ಹೊಸದು ಅಂದ ಮಾತ್ರಕ್ಕೆ ನಿಮ್ಮ ಮಾಡೆಲಿಗೆ ಅಂತ ಮಾಡಿದ್ದು ಆಗಿರಬೇಕಿಲ್ಲ.

ಇದನ್ನು ನಾನು ಕಷ್ಟಪಟ್ಟೇ ಕಲಿತೆ. ಒಂದು ಶಾಲೆಯ ಲ್ಯಾಬಿನಲ್ಲಿ ಐದು ಮಾಡೆಲಿನ ಡ್ರೈವರ್ ಒಂದೇ ಕಡೆ ಹಾಕಿ ಇಮೇಜ್ ಬಿಟ್ಟಿದ್ದೆ. ಡಿವೈಸ್ ಮ್ಯಾನೇಜರಿನಲ್ಲಿ ಒಂದೂ ಹಳದಿ ಗುರುತು ಇರಲಿಲ್ಲ. ಸಮಾಧಾನದಿಂದ ಮನೆಗೆ ಬಂದೆ. ಮಾರನೇ ದಿನ ಫೋನು: ಕಿಟಕಿ ಪಕ್ಕದ ಸಾಲಿನ ಒಂದು ಕಂಪ್ಯೂಟರಿನಲ್ಲೂ ಹೆಡ್‌ಫೋನ್ ಕೇಳಿಸುತ್ತಿಲ್ಲ, ಜಾಕ್ ಚುಚ್ಚಿದರೂ ಸ್ಪೀಕರಿನಲ್ಲೇ ಬರುತ್ತಿದೆ. ಸೌಂಡ್ ಚಿಪ್ ಒಂದೇ ಆಗಿದ್ದರೂ ಬೇರೆ ಮಾಡೆಲಿಗೆ ಅಂತ ಇದ್ದ ಡ್ರೈವರ್ ಕೂತಿತ್ತು, ಜಾಕಿನ ಜೋಡಣೆ ಅದಕ್ಕೆ ಗೊತ್ತಿರಲಿಲ್ಲ. ಮಕ್ಕಳಿಗೆ ಅವತ್ತು ಇಂಗ್ಲಿಷ್ ಕೇಳಿಸುವ ತರಗತಿ ಇತ್ತಂತೆ. ಅವತ್ತಿನಿಂದ ಹಳದಿ ಗುರುತು ಇಲ್ಲ ಅಂದರೆ ಎಲ್ಲ ಸರಿಯಾಗಿದೆ ಅಂತ ನಾನು ನಂಬುವುದಿಲ್ಲ. ಒಂದು ಹಾಡು ಹಾಕಿ ಕೇಳುತ್ತೇನೆ, ಹೆಡ್‌ಫೋನ್ ಚುಚ್ಚಿ ನೋಡುತ್ತೇನೆ.

ಈಗ ನೀವು ಮಾಡಬೇಕಾದ್ದು. ಪ್ರತಿ ಮಾಡೆಲಿನ ಒಂದು ಕಂಪ್ಯೂಟರಿನಲ್ಲಿ ಎಂಎಸ್‌ಇನ್ಫೋ32 ಟೈಪ್ ಮಾಡಿ ಸಿಸ್ಟಮ್ ಇನ್ಫರ್ಮೇಷನ್ ಕಿಟಕಿ ತೆಗೆಯಿರಿ. ಅಲ್ಲಿ ಸಿಸ್ಟಮ್ ಮ್ಯಾನುಫ್ಯಾಕ್ಚರರ್, ಸಿಸ್ಟಮ್ ಮಾಡೆಲ್ ಅಂತ ಎರಡು ಸಾಲು ಇರುತ್ತವೆ. ಅಲ್ಲಿರುವ ಹೆಸರು ಯಂತ್ರ ತನ್ನ ಬಾಯಿಂದ ಹೇಳುವ ಹೆಸರು. ಡಬ್ಬದ ಮೇಲಿನ ಸ್ಟಿಕ್ಕರ್, ಬಿಲ್ಲಿನ ಮೇಲಿನ ಹೆಸರು ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಔಟ್-ಆಫ್-ಬಾಕ್ಸ್ ಡ್ರೈವರ್ಸ್ ಒಳಗೆ 'ವಿಂಡೋಸ್ 11' ಅಂತ ಫೋಲ್ಡರ್, ಅದರೊಳಗೆ ಕಂಪನಿ, ಅದರೊಳಗೆ ಮಾಡೆಲ್. ಒಂದು ಚುಕ್ಕೆಯೂ ಬದಲಾಗಬಾರದು. ಡೆಲ್ ಯಂತ್ರಗಳು 'ಡೆಲ್ ಇಂಕ್.' ಅಂತ ಹೇಳುತ್ತವೆ, ಆ ಕೊನೆಯ ಚುಕ್ಕೆ ಬಿಟ್ಟರೆ ಫೋಲ್ಡರ್ ಸಿಗುವುದಿಲ್ಲ. ಎಚ್‌ಪಿಯ ಹಳೇ ಯಂತ್ರಗಳು 'ಹ್ಯೂಲೆಟ್-ಪ್ಯಾಕರ್ಡ್' ಅನ್ನುತ್ತವೆ, ಹೊಸವು ಬರೀ 'ಎಚ್‌ಪಿ'. ಲೆನೊವೊದಲ್ಲಿ ಮಾಡೆಲ್ ಸಾಲಿನಲ್ಲಿ ಥಿಂಕ್‌ಸೆಂಟರ್ ಅಂತ ಹೆಸರೇ ಬರುವುದಿಲ್ಲ, ಒಂದು ಉದ್ದದ ಕೋಡ್ ಬರುತ್ತದೆ. ಅದರ ಮೊದಲ 4 ಅಕ್ಷರ ಯಂತ್ರದ ಜಾತಿ, ಮಿಕ್ಕಿದ್ದು ಬದಲಾಗಬಹುದು. ಅಂಥವಕ್ಕೆ ಎಂಡಿಟಿಯ ಕಸ್ಟಮ್‌ಸೆಟ್ಟಿಂಗ್ಸ್ ಫೈಲಿನಲ್ಲಿ ಮಾಡೆಲಿನ ಎಡಗಡೆಯ 4 ಅಕ್ಷರ ಮಾತ್ರ ತೆಗೆದುಕೊಳ್ಳುವ ಸಾಲು ಬರೆದುಕೊಳ್ಳುವುದು ಒಳ್ಳೇದು.

ಇನ್ನು ನಿಮ್ಮ 12 ಅಸೆಂಬಲ್ಡ್ ಕಂಪ್ಯೂಟರ್. ಅವುಗಳಲ್ಲಿ ಮಾಡೆಲ್ ಅಂತ ನೋಡಿದರೆ ಬಹಳ ಸಲ 'ಟು ಬಿ ಫಿಲ್ಡ್ ಬೈ ಓಇಎಂ' ಅಂತ ಇರುತ್ತದೆ. ತಯಾರಿಸಿದವರು ತುಂಬಬೇಕಿದ್ದ ಜಾಗ ಅದು, ಅಂಗಡಿಯಲ್ಲಿ ಜೋಡಿಸುವಾಗ ಯಾರೂ ತುಂಬುವುದಿಲ್ಲ. ಬೇರೆ ಬೇರೆ ಮದರ್‌ಬೋರ್ಡ್ ಇದ್ದರೂ ಎಲ್ಲವೂ ಅದನ್ನೇ ಹೇಳುತ್ತವೆ. ಇವಕ್ಕೆ ಮಾಡೆಲ್ ಬದಲು ಮದರ್‌ಬೋರ್ಡಿನ ಹೆಸರು ಹಿಡಿಯಿರಿ. ಸಿಸ್ಟಮ್ ಇನ್ಫರ್ಮೇಷನ್ನಿನಲ್ಲೇ ಬೇಸ್‌ಬೋರ್ಡ್ ಪ್ರಾಡಕ್ಟ್ ಅಂತ ಇರುತ್ತದೆ, ಎಂಡಿಟಿ ಅದನ್ನು 'ಪ್ರಾಡಕ್ಟ್' ಎಂಬ ಹೆಸರಿನಲ್ಲಿ ಓದಿ ಇಟ್ಟುಕೊಂಡಿರುತ್ತದೆ, ಮುಂದೆ ಮಾಡೆಲ್ ಬರುವ ಕಡೆ ಇವಕ್ಕೆ ಅದನ್ನೇ ಹಾಕಿ.

ಆಮೇಲೆ ಟಾಸ್ಕ್ ಸೀಕ್ವೆನ್ಸ್ (ಎಂಡಿಟಿ ಒಂದಾದ ಮೇಲೊಂದು ಮಾಡುವ ಕೆಲಸಗಳ ಪಟ್ಟಿ) ತೆಗೆದು ಪ್ರೀಇನ್‌ಸ್ಟಾಲ್ ಭಾಗಕ್ಕೆ ಹೋಗಿ. 'ಇಂಜೆಕ್ಟ್ ಡ್ರೈವರ್ಸ್' ಎಂಬ ಹೆಜ್ಜೆಗಿಂತ ಮೊದಲು ಒಂದು ಹೊಸ ಹೆಜ್ಜೆ ಸೇರಿಸಿ: ಟಾಸ್ಕ್ ಸೀಕ್ವೆನ್ಸ್ ವೇರಿಯಬಲ್. ಹೆಸರು ಡ್ರೈವರ್‌ಗ್ರೂಪ್001, ವ್ಯಾಲ್ಯೂ 'ವಿಂಡೋಸ್ 11\%ಮೇಕ್%\%ಮಾಡೆಲ್%'. ಇಂಜೆಕ್ಟ್ ಡ್ರೈವರ್ಸ್‌ನಲ್ಲಿ ಸೆಲೆಕ್ಷನ್ ಪ್ರೊಫೈಲ್ 'ನಥಿಂಗ್' ಮಾಡಿ, ಕೆಳಗೆ 'ಹೊಂದುವ ಡ್ರೈವರ್ ಮಾತ್ರ' ಅನ್ನೋ ಅರ್ಥದ ಆಯ್ಕೆ ಬಿಟ್ಟು 'ಎಲ್ಲ ಡ್ರೈವರ್' ಅನ್ನೋದನ್ನು ಒತ್ತಿ. ಎಲ್ಲ ಅಂದರೆ ರಾಶಿಯ ಎಲ್ಲವೂ ಅಲ್ಲ, ಆ ಮಾಡೆಲಿನ ಫೋಲ್ಡರಿನ ಎಲ್ಲವೂ. ವಿನ್‌ಪಿಇಗೆ ಕಾಣದ ಭಾಗದ ಡ್ರೈವರ್ ಕೂಡ ಆಗ ಒಳಗೆ ಹೋಗಿರುತ್ತದೆ, ವಿಂಡೋಸ್ ಎದ್ದ ಮೇಲೆ ತಾನೇ ಹುಡುಕಿಕೊಳ್ಳುತ್ತದೆ.

ಒಂದೇ ಮಾಡೆಲಿನ ಎರಡರಲ್ಲಿ ಬೇರೆ ಬೇರೆ ಆಗುತ್ತದೆ ಅಂದಿರಿ. ಅದು ನಿಮ್ಮ ತಪ್ಪಲ್ಲ. ಕಂಪನಿಗಳು ಒಂದೇ ಮಾಡೆಲಿನೊಳಗೆ ಒಂದು ಲಾಟಿಗೆ ಇಂಟೆಲ್ ವೈಫೈ ಕಾರ್ಡ್, ಇನ್ನೊಂದಕ್ಕೆ ರಿಯಲ್‌ಟೆಕ್ ಹಾಕುವುದು ಮಾಮೂಲು. ಹಳದಿ ಗುರುತಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್, ಅಲ್ಲಿ ಹಾರ್ಡ್‌ವೇರ್ ಐಡಿಸ್ ಆರಿಸಿ. ಒಂದು ಉದ್ದದ ಸಾಲು ಬರುತ್ತದೆ. ಅದರಲ್ಲಿ ವೆನ್ ಆದ ಮೇಲಿನ ನಾಲ್ಕು ಅಕ್ಷರ ಕಂಪನಿ, ಡೆವ್ ಆದ ಮೇಲಿನ ನಾಲ್ಕು ಆ ಭಾಗ. 8086 ಅಂದರೆ ಇಂಟೆಲ್, 10ಇಸಿ ರಿಯಲ್‌ಟೆಕ್, 1022 ಎಎಂಡಿ, 10ಡಿಇ ಎನ್ವಿಡಿಯಾ. ಉದಾಹರಣೆಗೆ 10ಇಸಿ, 8168 ಅಂತ ಬಂದರೆ ಅದು ರಿಯಲ್‌ಟೆಕ್‌ನ ಗಿಗಾಬಿಟ್ ನೆಟ್‌ವರ್ಕ್ ಚಿಪ್. ಈ ಸಂಖ್ಯೆಯನ್ನು ನಿಮ್ಮ ಡ್ರೈವರ್ ಫೋಲ್ಡರಿನ ಐಎನ್‌ಎಫ್ ಫೈಲುಗಳಲ್ಲಿ (ಡ್ರೈವರ್ ಯಾವ ಐಡಿಗಳಿಗೆ ಅಂತ ಬರೆದಿರುವ ಫೈಲು) ನೋಟ್‌ಪ್ಯಾಡ್ ತೆಗೆದು ಹುಡುಕಿ. ಎಲ್ಲೂ ಇಲ್ಲದಿದ್ದರೆ ಆ ಡ್ರೈವರ್ ನಿಮ್ಮ ಹತ್ತಿರ ಇಲ್ಲವೇ ಇಲ್ಲ, ಎಷ್ಟು ಸಲ ಇಮೇಜ್ ಹಾಕಿದರೂ ಬರುವುದಿಲ್ಲ.

ಐಎನ್‌ಎಫ್‌ನಲ್ಲಿ ಸಂಖ್ಯೆ ಇದೆ, ಆದರೂ ಕೂರಲಿಲ್ಲ ಅಂದಾಗ ಲಾಗ್ (ನಡೆದದ್ದನ್ನೆಲ್ಲ ಬರೆದಿಡುವ ಫೈಲು) ಓದಬೇಕು. ಬಹಳ ಜನ ಇದಕ್ಕೆ ಹೆದರಿ ಮತ್ತೆ ಮೊದಲಿಂದ ಇಮೇಜ್ ಹಾಕುತ್ತಾರೆ, ಅರ್ಧ ದಿನ ಹೋಗುತ್ತದೆ. ಮೊದಲು ಝಡ್‌ಟಿಐಡ್ರೈವರ್ಸ್ ಲಾಗ್ ನೋಡಿ. ಕೆಲಸ ನಡೆಯುವಾಗ ಅದು ಸಿ ಡ್ರೈವಿನ ಮಿನ್‌ಇಂಟ್ ಫೋಲ್ಡರಿನೊಳಗೆ ಇರುತ್ತದೆ, ಎಲ್ಲ ಮುಗಿದ ಮೇಲೆ ವಿಂಡೋಸ್‌ನ ಟೆಂಪ್ ಒಳಗಿನ ಡಿಪ್ಲಾಯ್‌ಮೆಂಟ್‌ಲಾಗ್ಸ್‌ಗೆ ಹೋಗುತ್ತದೆ. ಯಾವ ಫೋಲ್ಡರಿನಿಂದ ಯಾವ ಡ್ರೈವರ್ ಎತ್ತಿತು ಅಂತ ಅದು ಸಾಲು ಸಾಲಾಗಿ ಹೇಳುತ್ತದೆ. ನಿಮ್ಮ ಮಾಡೆಲ್ ಫೋಲ್ಡರಿನ ಹೆಸರೇ ಅಲ್ಲಿ ಇಲ್ಲದಿದ್ದರೆ ಹೆಸರು ಹೊಂದಿಲ್ಲ ಅಂತ ಅರ್ಥ. ಅಲ್ಲಿ ಸರಿ ಇದ್ದು ಆಮೇಲೆ ಕೆಟ್ಟಿದ್ದರೆ ವಿಂಡೋಸ್‌ನ ಐಎನ್‌ಎಫ್ ಫೋಲ್ಡರಿನಲ್ಲಿರುವ ಸೆಟಪ್‌ಎಪಿಐ ಡೆವ್ ಲಾಗ್ ತೆಗೆಯಿರಿ. ಅದು ದೊಡ್ಡ ಫೈಲು. ಪೂರ್ತಿ ಓದಬೇಡಿ, ಮೂರು ಆಶ್ಚರ್ಯಸೂಚಕ ಚಿಹ್ನೆ ಒಟ್ಟಿಗೆ ಇರುವ ಸಾಲು ಹುಡುಕಿ. ಮೂರು ಇದ್ದರೆ ತಪ್ಪು, ಒಂದು ಇದ್ದರೆ ಎಚ್ಚರಿಕೆ. ಅದರ ಸುತ್ತಮುತ್ತಲ ಹತ್ತು ಸಾಲಿನಲ್ಲಿ ಕಾರಣ ಸಿಗುತ್ತದೆ.

72ಕ್ಕೂ ಒಟ್ಟಿಗೆ ಬಿಡಬೇಡಿ. ಮಾಡೆಲಿಗೆ ಒಂದರಂತೆ ಮೊದಲು ಹಾಕಿ, ಸೌಂಡ್, ನೆಟ್‌ವರ್ಕ್, ಡಿಸ್‌ಪ್ಲೇ ನೋಡಿ, ಆಮೇಲೆ ಮಿಕ್ಕಿದ್ದು. ಇನ್ನೊಂದು ವಿಷಯ ಹೇಳಲೇಬೇಕು. ಎಂಡಿಟಿ ಹಳೇ ಸಾಧನ, ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ ಅದನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಈ ರಜೆಗೆ ಇದರಲ್ಲೇ ಮುಗಿಸಿ, ಆದರೆ ಮುಂದಿನ ವರ್ಷಕ್ಕೆ ಬೇರೆ ದಾರಿ ಈಗಿಂದಲೇ ನೋಡಿಕೊಳ್ಳಿ. ಮಾಡೆಲ್ ಪ್ರಕಾರ ಜೋಡಿಸಿದ ಡ್ರೈವರ್ ಫೋಲ್ಡರ್‌ಗಳು ಯಾವ ಸಾಧನಕ್ಕೆ ಹೋದರೂ ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ: ಸರ್, ಕಡೂರಿನಿಂದ ಬರೆಯುತ್ತಿದ್ದೇನೆ. ನೆಟ್‌ವರ್ಕ್ ಮೂಲಕ ಬೂಟ್ ಮಾಡಿದಾಗ ಐಪಿ ಸಿಗುತ್ತದೆ, ಫೈಲ್ ಎಲ್ಲ ಬರುತ್ತದೆ, ಹಿನ್ನೆಲೆ ಚಿತ್ರ ಕಾಣುತ್ತದೆ, ಆಮೇಲೆ ಸರ್ವರ್ ಸಿಗುತ್ತಿಲ್ಲ ಅನ್ನುತ್ತದೆ. ಕೇಬಲ್, ಸ್ವಿಚ್ ಎರಡೂ ಬದಲಾಯಿಸಿದೆ. ಡ್ರೈವರ್ ಸೇರಿಸಿಯೂ ನೋಡಿದೆ. ಹಾಗೇ ಇದೆ.

ಉತ್ತರ: ಕೇಬಲ್ಲನ್ನು ಬಿಟ್ಟುಬಿಡಿ, ಅದರದ್ದೇನೂ ತಪ್ಪಿಲ್ಲ. ಮೊದಲು ಐಪಿ ತಂದದ್ದು ನೆಟ್‌ವರ್ಕ್ ಕಾರ್ಡಿನ ಒಳಗೇ ಇರುವ ಪ್ರೋಗ್ರಾಂ. ವಿನ್‌ಪಿಇ ಎದ್ದ ತಕ್ಷಣ ಅದರ ಕೆಲಸ ಮುಗಿಯಿತು. ಆಮೇಲೆ ವಿನ್‌ಪಿಇಗೆ ತನ್ನದೇ ಡ್ರೈವರ್ ಬೇಕು. ಎಫ್8 ಒತ್ತಿ, ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ ಕೊಡಿ. ಅಡಾಪ್ಟರ್ ಹೆಸರೇ ಬರದಿದ್ದರೆ ಡ್ರೈವರ್ ಇಲ್ಲ.

ಡ್ರೈವರ್ ಸೇರಿಸಿದೆ ಅಂದಿರಿ. ಬಹಳ ಜನ ಎಡವುವುದು ಇಲ್ಲೇ. ಎಂಡಿಟಿಯ ವರ್ಕ್‌ಬೆಂಚ್ ಕಿಟಕಿಯಲ್ಲಿ ಡ್ರೈವರ್ ಹಾಕಿದರೆ ಸಾಲದು, 'ಅಪ್‌ಡೇಟ್ ಡಿಪ್ಲಾಯ್‌ಮೆಂಟ್ ಶೇರ್' ಕೊಟ್ಟು ಬೂಟ್ ಇಮೇಜನ್ನು (ವಿನ್‌ಪಿಇ ಇರುವ ಫೈಲು) ಹೊಸದಾಗಿ ಮಾಡಬೇಕು. ಅಷ್ಟಕ್ಕೂ ಮುಗಿಯುವುದಿಲ್ಲ, ಆ ಹೊಸ ಇಮೇಜನ್ನು ಡಬ್ಲ್ಯುಡಿಎಸ್‌ಗೆ (ನೆಟ್‌ವರ್ಕಿನಲ್ಲಿ ಬೂಟ್ ಇಮೇಜ್ ಕೊಡುವ ಸರ್ವರಿನ ಭಾಗ) ಹೋಗಿ ಹಳೇದರ ಜಾಗಕ್ಕೆ ಬದಲಾಯಿಸಬೇಕು. ಇದನ್ನು ಬಿಟ್ಟರೆ ಸರ್ವರ್ ಹಳೇ ಇಮೇಜನ್ನೇ ಕೊಡುತ್ತಾ ಇರುತ್ತದೆ, ನೀವು ಸುಮ್ನೆ ಡ್ರೈವರ್ ಬದಲಾಯಿಸುತ್ತಾ ಕೂತಿರುತ್ತೀರಿ. ಬೂಟ್ ಇಮೇಜಿಗೆ ನೆಟ್‌ವರ್ಕ್ ಮತ್ತು ಡಿಸ್ಕಿನ ಡ್ರೈವರ್ ಸಾಕು. ಸೌಂಡ್, ಡಿಸ್‌ಪ್ಲೇ ಎಲ್ಲ ತುಂಬಿದರೆ ಇಮೇಜ್ ದಪ್ಪವಾಗಿ ನಿಧಾನವಾಗುತ್ತದೆ ಅಷ್ಟೆ. ವಿನ್‌ಪಿಇ 64 ಬಿಟ್ ಆದರೆ ಡ್ರೈವರ್ ಕೂಡ 64 ಬಿಟ್ಟಿನದೇ ಇರಲಿ.

ಪ್ರಶ್ನೆ: ಮೂಡಿಗೆರೆ ಹತ್ತಿರದ ಎಸ್ಟೇಟ್ ಆಫೀಸಿಗೆ ಐದು ಹೊಸ ಲ್ಯಾಪ್‌ಟಾಪ್ ತಂದಿದ್ದೇವೆ, 12ನೇ ಪೀಳಿಗೆಯ ಇಂಟೆಲ್. ಇಮೇಜ್ ಹಾಕಲು ಹೋದರೆ ಡಿಸ್ಕೇ ಇಲ್ಲ ಅನ್ನುತ್ತದೆ. ಬಯೋಸ್‌ನಲ್ಲಿ ಡಿಸ್ಕ್ ಕಾಣುತ್ತದೆ. ಡಿಸ್ಕ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ, ವಾಪಸ್ ಕಳಿಸಬೇಡಿ. 11ನೇ ಪೀಳಿಗೆಯಿಂದ ಈಚೆಗೆ ಬಹಳಷ್ಟು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಆನ್ ಆಗಿಯೇ ಬರುತ್ತದೆ. ಎನ್‌ವಿಎಂಇ ಡಿಸ್ಕ್ (ವೇಗದ ಎಸ್‌ಎಸ್‌ಡಿ) ಅದರ ಹಿಂದೆ ಇರುತ್ತದೆ. ಇಂಟೆಲ್‌ನ ರಾಪಿಡ್ ಸ್ಟೋರೇಜ್ ಡ್ರೈವರ್ ಇಲ್ಲದೆ ಸೆಟಪ್‌ಗೆ ಅದು ಕಾಣುವುದಿಲ್ಲ. ಇಂಟೆಲ್ ಕೊಡುವ ಸೆಟಪ್ ಫೈಲನ್ನು ಹಾಗೇ ಸೇರಿಸಲು ಬರುವುದಿಲ್ಲ. ಕಮಾಂಡ್ ಕಿಟಕಿಯಲ್ಲಿ ಅದರ ಹೆಸರು ಬರೆದು, ಜಾಗ ಬಿಟ್ಟು, ಅಡ್ಡ ಗೆರೆ (ಹೈಫನ್) ಹಾಕಿ ಎಕ್ಸ್‌ಟ್ರಾಕ್ಟ್‌ಡ್ರೈವರ್ಸ್ ಅಂತ ಬರೆದು, ಮತ್ತೆ ಜಾಗ ಬಿಟ್ಟು ಫೋಲ್ಡರಿನ ಹೆಸರು ಕೊಟ್ಟರೆ ಒಳಗಿನ ಐಎನ್‌ಎಫ್ ಫೈಲುಗಳು ಹೊರಬರುತ್ತವೆ. ಅದನ್ನು ಎರಡು ಕಡೆ ಹಾಕಬೇಕು: ಬೂಟ್ ಇಮೇಜಿಗೂ ಹಾಕಿ, ಆ ಮಾಡೆಲಿನ ಫೋಲ್ಡರಿಗೂ ಹಾಕಿ. ಬರೀ ಬೂಟ್ ಇಮೇಜಿಗೆ ಹಾಕಿದರೆ ಇಮೇಜ್ ಚೆನ್ನಾಗಿ ಇಳಿದು, ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂದು 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅನ್ನಬಹುದು.

ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿದರೂ ಡಿಸ್ಕ್ ಕಾಣುತ್ತದೆ. ಒಂದೇ ಡಿಸ್ಕಿನ ಲ್ಯಾಪ್‌ಟಾಪಿಗೆ ಅದೂ ನಡೆಯುತ್ತದೆ. ಆದರೆ ಐದಕ್ಕೂ ಒಂದೇ ತರ ಮಾಡಿ, ವಿಂಡೋಸ್ ಹಾಕುವ ಮೊದಲೇ ಮಾಡಿ. ಹಾಕಿದ ಮೇಲೆ ಬದಲಾಯಿಸಿದರೆ ವಿಂಡೋಸ್ ಏಳದೇ ಹೋಗಬಹುದು. ಮುಂದೆ ಯಾರೋ ಬಯೋಸ್ ಡಿಫಾಲ್ಟ್ ಮಾಡಿದರೆ ವಿಎಂಡಿ ಮತ್ತೆ ಆನ್ ಆಗಿ ಇದೇ ತೊಂದರೆ ಬರುತ್ತದೆ. ಮಳೆಗಾಲದಲ್ಲಿ ಮೂಡಿಗೆರೆಯ ಎಸ್ಟೇಟಿಗೆ ಸರ್ವಿಸಿನವರು ಬರುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು, ಹಾಗಾಗಿ ನನ್ನ ಮನಸ್ಸು ಡ್ರೈವರ್ ಹಾಕುವ ಕಡೆಗೇ ಇದೆ.

ಪ್ರಶ್ನೆ: ಎಲ್ಲ ಆದ ಮೇಲೆ 'ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್', 'ಎಸ್‌ಎಂ ಬಸ್ ಕಂಟ್ರೋಲರ್' ಅಂತ ಎರಡು ಹಳದಿ ಉಳಿಯುತ್ತವೆ. ಏನಿವು? ಕಂಪ್ಯೂಟರ್ ಚೆನ್ನಾಗೇ ನಡೆಯುತ್ತಿದೆ. (ಚಿಕ್ಕಮಗಳೂರಿನ ಓದುಗರು)

ಉತ್ತರ: ಇಂಟೆಲ್ ಯಂತ್ರವಾದರೆ ಮೊದಲನೆಯದು ಸಾಮಾನ್ಯವಾಗಿ ಮ್ಯಾನೇಜ್‌ಮೆಂಟ್ ಎಂಜಿನ್ (ಇಂಟೆಲ್ ಚಿಪ್‌ಸೆಟ್ ಒಳಗಿನ ಚಿಕ್ಕ ನಿಯಂತ್ರಣ ಭಾಗ), ಎರಡನೆಯದು ಚಿಪ್‌ಸೆಟ್. ಎರಡರ ಡ್ರೈವರನ್ನೂ ಕಂಪನಿಯ ಪುಟದಿಂದ ತಂದು ಮಾಡೆಲ್ ಫೋಲ್ಡರಿಗೆ ಹಾಕಿ. ಚೆನ್ನಾಗೇ ನಡೆಯುತ್ತಿದೆ ಅಂತ ಬಿಡಬೇಡಿ. ಲ್ಯಾಪ್‌ಟಾಪ್ ಮಲಗಿ ಏಳುವಾಗ ಏನಾದರೂ ತಕರಾರು ಬಂದರೆ ಯಾವುದರಿಂದ ಅಂತ ಆಮೇಲೆ ಹುಡುಕುವುದು ಕಷ್ಟ.

ಪ್ರಶ್ನೆ: ಬೇಲೂರು ತಾಲ್ಲೂಕಿನ ಒಂದು ಶಾಲೆಯ ಶಿಕ್ಷಕಿ ನಾನು. 15 ಕಂಪ್ಯೂಟರ್ ಇವೆ, ಎಲ್ಲ ಒಂದೇ ಮಾಡೆಲ್. ಸರ್ವರ್ ಇಲ್ಲ, ಇಂಟರ್‌ನೆಟ್ ನನ್ನ ಮೊಬೈಲಿನದೇ. ಪೆನ್ ಡ್ರೈವಿನಿಂದ ಒಂದೊಂದಕ್ಕೇ ವಿಂಡೋಸ್ ಹಾಕುತ್ತೇವೆ. ಪುಕ್ಕಟೆ ಸಿಗುವ ಡ್ರೈವರ್ ಹುಡುಕುವ ಸಾಫ್ಟ್‌ವೇರ್ ಬಳಸಬಹುದಾ?

ಉತ್ತರ: ಬೇಡ ಮೇಡಂ. ಅಂಥವುಗಳಲ್ಲಿ ಎಷ್ಟೋ ತಮ್ಮ ಜೊತೆ ಬೇರೆ ಪ್ರೋಗ್ರಾಂಗಳನ್ನೂ ತಂದು ಕೂರಿಸುತ್ತವೆ, ಮಕ್ಕಳು ಕೂರುವ ಕಂಪ್ಯೂಟರಿಗೆ ಅದು ಒಳ್ಳೇದಲ್ಲ. ಮೊಬೈಲಿನ ಡೇಟಾ ಕೂಡ ಸುಮ್ನೆ ಖಾಲಿಯಾಗುತ್ತದೆ.

ನಿಮ್ಮದು ಎಲ್ಲ ಒಂದೇ ಮಾಡೆಲ್, ಅದು ದೊಡ್ಡ ಅನುಕೂಲ. 15ರಲ್ಲಿ ಒಂದರಲ್ಲಿ ಮಾತ್ರ ಎಲ್ಲವೂ ಸರಿ ಇದ್ದರೆ ಸಾಕು. ಅದನ್ನು ಇನ್ನೂ ಫಾರ್ಮ್ಯಾಟ್ ಮಾಡಿಲ್ಲ ತಾನೆ? ಅದರಲ್ಲಿ ಒಂದು ಪೆನ್ ಡ್ರೈವ್ ಹಾಕಿ, 'ಡ್ರೈವರ್ಸ್' ಅಂತ ಖಾಲಿ ಫೋಲ್ಡರ್ ಮಾಡಿ. ಸ್ಟಾರ್ಟ್‌ನಲ್ಲಿ ಸಿಎಂಡಿ ಅಂತ ಹುಡುಕಿ, ಬಲ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆಗೆಯಿರಿ. ಪಿಎನ್‌ಪಿಯುಟಿಲ್ ಅಂತ ಬರೆದು ಜಾಗ ಬಿಟ್ಟು, ಓರೆ ಗೆರೆ ಹಾಕಿ ಎಕ್ಸ್‌ಪೋರ್ಟ್-ಡ್ರೈವರ್, ಜಾಗ ಬಿಟ್ಟು ನಕ್ಷತ್ರ ಚಿಹ್ನೆ, ಮತ್ತೆ ಜಾಗ ಬಿಟ್ಟು ಆ ಫೋಲ್ಡರಿನ ದಾರಿ. ಎಂಟರ್ ಒತ್ತಿದರೆ ವಿಂಡೋಸ್ ಜೊತೆ ಬರದೆ ಹೊರಗಿಂದ ಹಾಕಿದ ಡ್ರೈವರ್‌ಗಳೆಲ್ಲ ಬೇರೆ ಬೇರೆ ಫೋಲ್ಡರಾಗಿ ಪೆನ್ ಡ್ರೈವಿಗೆ ಬರುತ್ತವೆ. ಇಂಟರ್‌ನೆಟ್ ಬೇಕಾಗಿಲ್ಲ. ಪ್ರಿಂಟರಿನದು ಏನಾದರೂ ಜೊತೆಗೆ ಬಂದಿದ್ದರೆ ಅದನ್ನು ತೆಗೆದುಬಿಡಿ.

ಮಿಕ್ಕ 14ಕ್ಕೆ ವಿಂಡೋಸ್ ಹಾಕಿ ಮುಗಿಸಿದ ಮೇಲೆ ಅದೇ ತರ ಕಪ್ಪು ಕಿಟಕಿ ತೆಗೆದು ಪಿಎನ್‌ಪಿಯುಟಿಲ್, ಆಡ್-ಡ್ರೈವರ್, ಫೋಲ್ಡರಿನ ದಾರಿಯ ಕೊನೆಗೆ ನಕ್ಷತ್ರ ಚುಕ್ಕೆ ಐಎನ್‌ಎಫ್, ಆಮೇಲೆ ಸಬ್‌ಡೈರ್ಸ್, ಇನ್‌ಸ್ಟಾಲ್. ಆಡ್-ಡ್ರೈವರ್, ಸಬ್‌ಡೈರ್ಸ್, ಇನ್‌ಸ್ಟಾಲ್ ಮೂರರ ಹಿಂದೆಯೂ ಓರೆ ಗೆರೆ ಇರಲಿ. ಒಂದೇ ಸಾಲು, ಎಲ್ಲ ಡ್ರೈವರ್ ಒಟ್ಟಿಗೆ ಕೂರುತ್ತವೆ. ನಡುವೆ ಪರದೆ ಒಂದೆರಡು ಸಲ ಕಪ್ಪಾಗಿ ಬರಬಹುದು, ಡಿಸ್‌ಪ್ಲೇ ಡ್ರೈವರ್ ಬದಲಾಗುವಾಗ ಹಾಗಾಗುತ್ತದೆ, ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ. ಯುಪಿಎಸ್ ಚಾರ್ಜ್ ಆಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ, ಅರ್ಧದಲ್ಲಿ ಕರೆಂಟ್ ಹೋಗಬಾರದು.

ಆ ಪೆನ್ ಡ್ರೈವನ್ನು ಬೇರೆ ಕೆಲಸಕ್ಕೆ ಕೊಡಬೇಡಿ. ಮಾಡೆಲ್ ಹೆಸರು, ತಿಂಗಳು ಬರೆದ ಚೀಟಿ ಅಂಟಿಸಿ ಲ್ಯಾಬಿನ ಬೀರುವಿನಲ್ಲಿಡಿ. ಮೊದಲನೆಯದರಲ್ಲಿ ಏನಾದರೂ ತಪ್ಪು ಕಂಡರೆ ಆ ಸಾಲಿನ ಫೋಟೋ ತೆಗೆದು ಪತ್ರಿಕೆಗೆ ಕಳಿಸಿ, ಮುಂದಿನ ತಿಂಗಳ ತನಕ ಕಾಯಿಸದೆ ನೇರವಾಗಿ ಉತ್ತರ ಬರೆಯುತ್ತೇನೆ.